ಅತ್ತೆಯ ಕಾಲಿಗೆ ನನ್ನ ಸ್ಕೀ

ಈ ಸಲ ದೀಜಿನ್ ಹಿಮಬೆಟ್ಟದ ನೆತ್ತಿಯಿಂದ ಬುಡದವರೆಗೆ ಒಂದು ಸಲವೂ ಬೀಳದೆ ಸ್ಕೀ ಮೇಲೆ ಜಾರಿ ಬರುತ್ತೇನೆಂದು ನಾನು ಘೋಷಿಸಿದೆ! ಹೋದ ಚಳಿಗಾಲ ಅರ್ಧ ಬೆಟ್ಟವನ್ನು ಬೆನ್ನ ಮೇಲೆ, ಉಳಿದರ್ಧವನ್ನು ಹೊಟ್ಟೆಯ ಮೇಲೆ ಇಳಿದಿದ್ದೆ. ಆ ಕಥೆಯನ್ನು ನನ್ನ ಹೆಂಡತಿ ಮಹ್ನೂಷ್ ತೆಹ್ರಾನಿಗೆಲ್ಲ ಹಂಚಿದ್ದಳು.

"ಮತ್ತೆ ಬಿದ್ರೆ?" ಎಂದಳು.

"ಈ ಮನೇಲಿ ಸ್ಕೀ ಮಾತೇ ಎತ್ತಲ್ಲ! ಬೀಳ್ದಿದ್ರೆ ನೀನು ಹೋದ್ವರ್ಷದ ಕಥೆ ಯಾರಿಗೂ ಹೇಳ್ಬಾರ್ದು."

"ಆಗ್ಲಪ್ಪಾ ವೀರ!"

ಅದಕ್ಕೆಂದೇ ಹೊಸ ಸ್ಕೀ ಕೊಂಡೆ. ಕೆಂಪು ಬಣ್ಣ, ಮುಖ ಕಾಣುವಷ್ಟು ಹೊಳಪು! ಶುಕ್ರವಾರ ಬೆಳಗ್ಗೆ ಹೊರಟಾಗ ಬೀಳ್ಕೊಡಲು ಬಾಗಿಲಿಗೆ ಬಂದ ಅತ್ತೆ ತೂರಾನ್ ಖಾನಮ್‌ಗೆ ಬಾಯಿಮಾತಿಗೆ "ನೀವೂ ಬನ್ನಿ" ಎಂದೆ. ನಮ್ಮಲ್ಲಿ ಮೂರು ಸಲ ಕರೆಯುವುದು ಕರೆದವನ ಮರ್ಯಾದೆ, ಮೂರು ಸಲ ಒಲ್ಲೆ ಎನ್ನುವುದು ಕರೆಸಿಕೊಂಡವರ ಮರ್ಯಾದೆ. ಅತ್ತೆ ಎರಡು ಸಲ ಒಲ್ಲೆ ಎಂದರು. ಮೂರನೆಯದಕ್ಕೆ ಕಾರಿನೊಳಗಿದ್ದರು! ಜೊತೆಗೊಂದು ಭಾರದ ಚೀಲ. ದಾರಿಗೆಂದು ಮಾಡಿದ ಬಿಸಿ ಆಶ್ ಗಂಜಿಯ ಪಾತ್ರೆ ಇರಬೇಕೆಂದು ನಾನೇ ಭಕ್ತಿಯಿಂದ ಹೊತ್ತೆ.

ಬೆಟ್ಟದ ಬುಡದಲ್ಲಿ ಅತ್ತೆ ನನ್ನ ಸ್ಕೀ ಸವರಿದರು. "ಎಷ್ಟು ಚೆಂದ ಇದೆ ಕಾಮ್ಯಾರ್ ಜಾನ್!"

ಯಾರಾದರೂ ವಸ್ತು ಹೊಗಳಿದರೆ ಅದನ್ನು ಅವರಿಗೇ ಕೊಡುತ್ತೇನೆ ಎನ್ನುವುದೂ ನಮ್ಮಲ್ಲಿ ಮರ್ಯಾದೆ, ಇನ್ನೇನು ಹೇಳಲಿ? "ನಿಮ್ಮದೇ, ತಗೊಳ್ಳಿ!"

"ಅಯ್ಯೋ, ಬೇಡ ಮಗಾ."

"ನನ್ನಾಣೆ, ತಗೊಳ್ಳಿ!"

"ಛೆ, ನಿಂಗೆ ಬೇಕಲ್ಲ."

ಅಲ್ಲಿಗೇ ಬಾಯಿ ಮುಚ್ಚಬಹುದಿತ್ತು. ಹಿಂದೆ, ಬೆಟ್ಟ ಹತ್ತಿಸುವ ಲಿಫ್ಟಿನ ಸಾಲಿನಲ್ಲಿದ್ದವರೆಲ್ಲ ಮೆಚ್ಚುಗೆಯಿಂದ ನೋಡುತ್ತಿದ್ದರು, ನನಗೆ ಹುರುಪು ಬಂತು. "ನೀವು ತಗೊಳ್ದಿದ್ರೆ ನಾನು ಬೆಟ್ಟಾನೇ ಹತ್ತಲ್ಲ!"

"ಇಷ್ಟು ಹೇಳ್ತಿದ್ದೀಯ, ಬೇಡ ಅಂದ್ರೆ ನೊಂದ್ಕೋತೀಯ" ಎಂದು ಅತ್ತೆ ಚೀಲ ಬಿಚ್ಚಿದರು. ಆಶ್ ಎಲ್ಲಿ ಬಂತು? ನನಗಿಂತ ಹಿರಿಯದಾದ ಒಂದು ಜೊತೆ ಸ್ಕೀ ಬೂಟು! ಮಹ್ನೂಷ್ ಆಗಲೇ ಸ್ಕ್ರೂಡ್ರೈವರ್ ಹಿಡಿದು ನನ್ನ ಸ್ಕೀಯ ಬೂಟು ಹಿಡಿಯುವ ಕೊಂಡಿಗಳನ್ನು ಅಮ್ಮನ ಅಳತೆಗೆ ಹೊಂದಿಸುತ್ತಿದ್ದಳು.

"ಅತ್ತೆಗೆ ಸ್ಕೀ ಬರತ್ತಾ?"

"ಅಮ್ಮ ಈ ಬೆಟ್ಟದಲ್ಲೇ ಬೆಳೆದೋಳು. ಊಟಕ್ಕೆ ಕೂತಾಗೆಲ್ಲ ಮಂಡಿ ಹೇಗೆ ಬಗ್ಗಿಸ್ಬೇಕು ಅಂತ ಅವಳಿಗೇ ಪಾಠ ಹೇಳ್ತಿದ್ದೆಯಲ್ಲ, ಒಂದ್ಸಲ ಕೇಳಿದ್ಯಾ?"

ಬಾಡಿಗೆಯ ಸ್ಕೀಗಳು ಶುಕ್ರವಾರದ ರಜೆಯ ಗದ್ದಲದಲ್ಲಿ ಯಾವಾಗಲೋ ಖಾಲಿ. ನಾನು ಖಾಲಿ ಚೀಲ ಹಿಡಿದು ನಿಂತೆ.

ಆಮೇಲೆ ಕಂಡದ್ದನ್ನು ಹೇಗೆ ಹೇಳಲಿ! ಎಪ್ಪತ್ತು ದಾಟಿದ ಹೆಂಗಸು ನೆತ್ತಿಯಿಂದ ಹೊರಟು ಎಡಕ್ಕೊಮ್ಮೆ ಬಲಕ್ಕೊಮ್ಮೆ ಸೊಂಟ ತಿರುಗಿಸುತ್ತ, ಯುವಕರನ್ನೆಲ್ಲ ಹಿಂದೆ ಹಾಕಿ, ಹಿಮ ಚಿಮ್ಮಿಸಿಕೊಂಡು ಬಂದರು! ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ? ಆದರೆ ಅದಕ್ಕಿಂತ ಹೆಚ್ಚು ಹೆಮ್ಮೆಯಾಯಿತು. ಅಂಗೈ ಉರಿಯುವಷ್ಟು ಚಪ್ಪಾಳೆ ತಟ್ಟಿದೆ.

ಅತ್ತೆ ಸ್ಕೀ ಬಿಚ್ಚಿ ನನ್ನ ಮುಂದೆ ಹಿಡಿದರು. "ತಗೋ ಮಗಾ, ಇನ್ನೂ ಹೊತ್ತಿದೆ. ನೀನೂ ಹೋಗ್ಬಾ."

ಕೈ ಮುಂದಕ್ಕೆ ಹೋಯಿತು. ಆದರೆ ನಾಲಿಗೆ ತೆಹ್ರಾನಿನದು! "ಎಲ್ಲಾದ್ರೂ ಉಂಟೇ! ನಿಮ್ಮ ಕಾಲಿಗೇ ಚೆಂದ!" ಎಂದುಬಿಟ್ಟೆ. ಎರಡನೆಯ ಸಲ ಹೇಳುತ್ತಾರೆಂದು ಕಾದೆ.

"ಹಾಗಂತೀಯಾ? ನಿನ್ನ ಕೈ ನೋಯದಿರ್ಲಿ!" ಎಂದು ಹರಸಿ ಅತ್ತೆ ಮತ್ತೆ ಸ್ಕೀ ಹೆಗಲಿಗೇರಿಸಿ ಲಿಫ್ಟಿನ ಕಡೆ ನಡೆದರು.

ಮಹ್ನೂಷ್ ಕಣ್ಣೊರೆಸಿಕೊಂಡು ನಗುತ್ತಿದ್ದಳು. "ಮಾತು ಅಂದ್ರೆ ಮಾತು. ನೀನು ಬೀಳ್ಲಿಲ್ಲ. ಹೋದ್ವರ್ಷದ ಕಥೆ ಇನ್ನು ಯಾರಿಗೂ ಹೇಳಲ್ಲ."

"ನಿಜವಾಗ್ಲೂ?"

"ನಿಜವಾಗ್ಲೂ. ಈ ವರ್ಷದ್ದು ಅದಕ್ಕಿಂತ ಚೆನ್ನಾಗಿದೆ!"