ನಾನು ಕೊಟ್ಟ ಒಂದು ಖಡಕ್ ಆರ್ಡರು

ಕೆಲವರು ಹುಟ್ಟುವಾಗಲೇ ಅಧಿಕಾರವನ್ನು ಗಂಟಲಲ್ಲಿ ಇಟ್ಟುಕೊಂಡು ಹುಟ್ಟುತ್ತಾರೆ. ನನ್ನ ಸೋದರಮಾವ ಅಂಥವರು. ಅವರು ಜಗಲಿಯಲ್ಲಿ ಕೂತು ಒಂದು ಸಲ ಕೆಮ್ಮಿದರೆ ಒಳಗಿನಿಂದ ಕಾಫಿ ಬರುತ್ತಿತ್ತು, ಎರಡು ಸಲ ಕೆಮ್ಮಿದರೆ ಎಲೆಅಡಿಕೆ ತಟ್ಟೆ ಬರುತ್ತಿತ್ತು. ನಾನು ಕೆಮ್ಮಿದರೆ ಶುಂಠಿ ಕಷಾಯ ಬರುತ್ತದೆ. ಇಂಥ ನನ್ನನ್ನು ಅರವತ್ತರ ದಶಕದ ಕೊನೆಯಲ್ಲಿ ಸರ್ಕಾರದವರು ಕೃಷ್ಣರಾಜನಗರದ ಆಚೆ ಒಂದು ನಾಲೆಯ ಓವರ್‌ಸಿಯರ್ ಮಾಡಿ, ಹನ್ನೆರಡು ಮೈಲಿ ಏರಿ, ಒಂದು ಸೈಕಲ್ಲು, ಹನ್ನೊಂದು ಜನ ಆಳುಗಳು ಇಷ್ಟನ್ನೂ ನನ್ನ ಸುಪರ್ದಿಗೆ ಒಪ್ಪಿಸಿದರು. ಸೈಕಲ್ಲು ಒಂದೇ ನನ್ನ ಮಾತು ಕೇಳುತ್ತಿತ್ತು, ಅದೂ ಇಳಿಜಾರಿನಲ್ಲಿ ಕೇಳುತ್ತಿರಲಿಲ್ಲ.

ಆ ಹನ್ನೊಂದು ಜನಕ್ಕೆ ಮೇಸ್ತ್ರಿ ಕೆಂಚಯ್ಯ. ನನಗಿಂತ ಇಪ್ಪತ್ತು ವರ್ಷ ದೊಡ್ಡವನು. ಬಿಸಿಲಿರಲಿ ಮಳೆಯಿರಲಿ ಕಂಕುಳಲ್ಲಿ ಒಂದು ಕೊಡೆ, ಅದನ್ನು ಬಿಚ್ಚಿದ್ದನ್ನು ನಾನಂತೂ ನೋಡಿಲ್ಲ. ನಾನು ಏನು ಹೇಳಿದರೂ ಅವನದು ಒಂದೇ ಉತ್ತರ, "ಆಗ್ಲಿ ಸ್ವಾಮಿ." ಬೆಳಿಗ್ಗೆ ಮೂರನೇ ಮೈಲಿಯಲ್ಲಿ ಹೂಳು ತೆಗೆಸಿ ಎಂದರೆ ಆಗ್ಲಿ ಸ್ವಾಮಿ. ಸೈಕಲ್ ಹತ್ತುವಷ್ಟರಲ್ಲಿ ನನಗೆ ಬೇರೆ ಯೋಚನೆ ಬಂದು, ಮೂರು ಬೇಡ, ಆರನೇ ಮೈಲಿಗೆ ಹೋಗಿ ಎಂದರೆ ಅದಕ್ಕೂ ಆಗ್ಲಿ ಸ್ವಾಮಿ. ಸಾಯಂಕಾಲ ನೋಡಿದರೆ ಅವರು ನಾಲ್ಕನೇ ಮೈಲಿಯಲ್ಲಿ ಏರಿ ಕುಸಿದ ಕಡೆ ಮಣ್ಣು ಹಾಕುತ್ತಿದ್ದರು. ಹೋಗಲಿ, ಅದೂ ಆಗಬೇಕಾದ ಕೆಲಸವೇ ಎಂದು ನಾನು ಸುಮ್ಮನಾಗುತ್ತಿದ್ದೆ. ಮೇಸ್ತ್ರಿಗೆ ವಯಸ್ಸಾಯಿತು, ಮರೆವು ಪಾಪ, ಎಂದು ಮನೆಯಲ್ಲಿ ಹೆಂಡತಿಯ ಹತ್ತಿರ ಮರುಗುತ್ತಲೂ ಇದ್ದೆ. ಅವಳು ಯಾಕೋ ಆಗ ಬಾಗಿಲ ಕಡೆ ಮುಖ ತಿರುಗಿಸಿ ನಗುತ್ತಿದ್ದಳು.

ಹೀಗೆ ಆರು ವರ್ಷ ಕಳೆದ ಮೇಲೆ, ಒಂದು ದಸರಾ ಮುಗಿದಾಗ, ಕೈಕೆಳಗಿನವರಿಂದ ಕೆಲಸ ತೆಗೆಯುವುದು ಹೇಗೆಂದು ಕಲಿಸಲು ನಮ್ಮಂಥವರನ್ನು ಮೈಸೂರಿಗೆ ಮೂರು ದಿನದ ತರಬೇತಿಗೆ ಕರೆದರು. ಟೈ ಕಟ್ಟಿದ ಸಣಕಲು ಮನುಷ್ಯರೊಬ್ಬರು ಪಾಠ ಮಾಡಿದರು. ಅಧಿಕಾರಿಯಾದವನ ತೀರ್ಮಾನ ತಡವಾಗಬಾರದು, ಮಾತು ಉದ್ದವಾಗಬಾರದು, ಕೊಟ್ಟ ಆರ್ಡರನ್ನು ಹಿಂದಕ್ಕೆ ತೆಗೆದುಕೊಳ್ಳಲೇಬಾರದು ಎಂದು ಮೇಜು ಕುಟ್ಟಿ ಹೇಳಿದರು. ನನಗೆ ಮೈ ಜುಮ್ಮೆಂದಿತು. ನನ್ನ ಜೀವನದಲ್ಲಿ ಕೊರತೆಯಾಗಿದ್ದುದು ಇದೇ ಎನ್ನಿಸಿ ನೋಟ್‌ಬುಕ್ಕಿನಲ್ಲಿ ಕೆಂಪು ಶಾಯಿಯಲ್ಲಿ ಬರೆದುಕೊಂಡೆ. ಕೊನೆಯ ದಿನ ಮಧ್ಯಾಹ್ನ, ಕೈಕೆಳಗಿನವರು ಹೇಳುವುದನ್ನು ಕೇಳಿಸಿಕೊಳ್ಳುವುದು ಹೇಗೆ ಎಂಬ ಪಾಠ ಬಾಕಿ ಇತ್ತು. ಹೆಂಡತಿ ಕಾಫಿಪುಡಿ ತರಲು ಹೇಳಿದ್ದಳು. ಕೇಳಿಸಿಕೊಳ್ಳುವುದಕ್ಕೆ ಎರಡು ಕಿವಿ ಇದ್ದರೆ ಸಾಲದೇ, ಅದರಲ್ಲಿ ಕಲಿಯುವುದೇನಿದೆ ಎಂದುಕೊಂಡು ಹಿಂದಿನ ಬಾಗಿಲಿನಿಂದ ಮಾರ್ಕೆಟ್ಟಿಗೆ ಹೋದೆ.

ಸೋಮವಾರ ಬೆಳಿಗ್ಗೆ ಮೀಸೆ ನೇರ ಮಾಡಿಕೊಂಡು ಏರಿಯ ಮೇಲೆ ನಿಂತೆ. ಮಿರ್ಲೆ ಕಡೆಗೆ ಹೋಗುವ ಕವಲಿನ ತೂಬಿನ ಮರದ ಬಾಗಿಲು ಬಹಳ ದಿನದಿಂದ ಲಡಾಸಾಗಿತ್ತು, ನೀರು ನಿಲ್ಲಿಸಿ ರಿಪೇರಿ ಮಾಡಿಸಬೇಕಿತ್ತು. ಇಂಥದೊಂದು ಕೆಲಸವನ್ನು ಹಿಂದೆಲ್ಲ ನಾನು ಅರ್ಧ ಗಂಟೆ ಹೇಳಿ, ಮತ್ತೆ ಬೇಡವೆಂದು, ಕೊನೆಗೆ ನೋಡೋಣ ಎನ್ನುತ್ತಿದ್ದೆ. ಆ ದಿನ ಒಂದೇ ಉಸಿರಿಗೆ ಹೇಳಿದೆ: "ಮೇಸ್ತ್ರಿ, ಇವತ್ತು ಮಧ್ಯಾಹ್ನ ಮಿರ್ಲೆ ತೂಬು ಮುಚ್ಚಿ. ನಾಲ್ಕು ದಿನ ತೆರೆಯಕೂಡದು." ಕೆಂಚಯ್ಯ, ಸ್ವಾಮಿ, ಆ ಕಡೆ ಗದ್ದೆ, ಎಂದು ಏನೋ ಶುರು ಮಾಡಿದ. ನಾನು ಮೈಸೂರಿನಲ್ಲಿ ಕಲಿತಂತೆ ಅಂಗೈ ಎತ್ತಿ ತಡೆದೆ. ಅವನು ನನ್ನ ಅಂಗೈಯನ್ನೂ ಮುಖವನ್ನೂ ಒಂದು ಗಳಿಗೆ ನೋಡಿ, ಆಗ್ಲಿ ಸ್ವಾಮಿ ಎಂದ. ನನಗೆ ಎಷ್ಟು ಖುಷಿಯಾಯಿತೆಂದರೆ, ರಾವಂದೂರಿನ ಹತ್ತಿರ ಒಂದು ಕೆರೆಯ ಅಳತೆಗೆ ಮೂರು ದಿನದ ಮಟ್ಟಿಗೆ ಹೊರಟಿದ್ದವನು, ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಅಪರಿಚಿತರಿಗೂ ಆಡಳಿತದ ಗುಟ್ಟು ವಿವರಿಸಿದೆ.

ಮೂರನೆಯ ದಿನ ಬೆಳಿಗ್ಗೆ ಆ ಕೆರೆಯ ಕೆಳಗೆ ಅಳತೆಯ ಸರಪಳಿ ಹಿಡಿದು ನಿಂತಿದ್ದಾಗ, ಗದ್ದೆಗೆ ನೀರು ತಿರುಗಿಸುತ್ತಿದ್ದ ರೈತನೊಬ್ಬ ಬೀಡಿಗೆ ಬೆಂಕಿಪೊಟ್ಟಣ ಕೇಳಿಕೊಂಡು ಬಂದ. ಬೆಳೆ ಹೇಗಿದೆ ಎಂದು ಸುಮ್ಮನೆ ಮಾತಿಗೆ ಕೇಳಿದೆ. "ಹೊಡೆ ಒಡ್ದು ತೆನೆ ಈಚೆ ಬತ್ತಾ ಅದೆ ಸ್ವಾಮಿ," ಎಂದ. "ಈಗೇನಾರ ನೀರು ತಪ್ತು ಅಂದ್ರೆ ಬರೀ ಜೊಳ್ಳು ಕಣ್ರೀ, ದನಕ್ಕೆ ಹುಲ್ಲಾಯ್ತದೆ ಅಷ್ಟೆಯ."

ಮಿರ್ಲೆ ಕಡೆಯೂ ನಾಟಿ ಆಗಿದ್ದು ಇಲ್ಲಿ ಆದ ವಾರವೇ. ಮಳೆ ನಿಂತು ಹದಿನೈದು ದಿನವಾಗಿತ್ತು. ಇದೇನು ನನಗೆ ಗೊತ್ತಿಲ್ಲದ ವಿಷಯವಲ್ಲ, ಆದರೆ ತೀರ್ಮಾನ ತಡವಾಗಬಾರದು ಎಂಬ ಗಡಿಬಿಡಿಯಲ್ಲಿ ನೆನಪಿಗೇ ಬರಲಿಲ್ಲ. ಕೆಂಚಯ್ಯ ಹೇಳಲು ಬಾಯಿ ತೆಗೆದಿದ್ದು ಇದನ್ನೇ ಎಂದು ಈಗ ಹೊಳೆಯಿತು. ಆ ಕವಲಿನ ಪಕ್ಕ ಇಪ್ಪತ್ತು ಗುಂಟೆ ಗದ್ದೆ ಇಟ್ಟುಕೊಂಡ ಒಬ್ಬ ಮುದುಕಿ ಇದ್ದಳು. ನಾನು ಹೋದಾಗಲೆಲ್ಲ ಸೈಕಲ್ ನಿಲ್ಲಿಸಿ, ಬಿಸ್ಲಲ್ಲಿ ಬಂದಿದೀಯ ಮಗ ಎಂದು ಒಂದು ಚೊಂಬು ಮಜ್ಜಿಗೆ ಕೊಡುತ್ತಿದ್ದಳು. ಅವಳ ವರ್ಷದ ಅನ್ನವನ್ನು ನಾನು ಒಂದೇ ಉಸಿರಿನಲ್ಲಿ ಕಿತ್ತುಕೊಂಡು ಬಂದಿದ್ದೆ. ಫೋನು ಮಾಡೋಣವೆಂದರೆ ನಾಲೆಯ ಮೇಲೆ ಫೋನೆಲ್ಲಿ? ಅಳತೆಯನ್ನು ಅಷ್ಟಕ್ಕೇ ಬಿಟ್ಟು ಬಸ್ಸು ಹಿಡಿದೆ.

ಆ ದಿನದ ಬಸ್ಸಿನ ಬಗ್ಗೆ ಬೇಕಾದರೆ ಬೇರೆಯೇ ಒಂದು ಪ್ರಬಂಧ ಬರೆಯಬಹುದು. ಪಿರಿಯಾಪಟ್ಟಣದಲ್ಲಿ ಹೊಗೆಸೊಪ್ಪಿನ ಮೂಟೆ ಹತ್ತಿಸಿದರು, ಹುಣಸೂರಿನಲ್ಲಿ ಆ ಮೂಟೆ ಇಳಿಸಿದರು, ಆಮೇಲೆ ಡ್ರೈವರು ಊಟಕ್ಕೆ ಹೋದವನು ಮುದ್ದೆ ಮುಗಿಸಿ ಎಲೆಅಡಿಕೆ ಹಾಕಿ ಯಾರ ಮನೆಯದೋ ಮದುವೆ ಮಾತಾಡಿ ಬಂದ. ನಾನು ಸೀಟಿನಲ್ಲಿ ಕೂತು ಒಣಗಿದ ಗದ್ದೆ, ದೊಣ್ಣೆ ಹಿಡಿದ ಊರವರು, ಸಸ್ಪೆಂಡಿನ ಕಾಗದ ಎಲ್ಲವನ್ನೂ ಕಣ್ಣ ಮುಂದೆ ತಂದುಕೊಂಡೆ. ಅವೆಲ್ಲಕ್ಕಿಂತ ಆ ಮುದುಕಿ ನಾಳೆಯೂ ಮಜ್ಜಿಗೆ ಕೊಟ್ಟುಬಿಟ್ಟರೆ ಏನು ಮಾಡುವುದು ಎಂಬ ಯೋಚನೆಯೇ ಹೆಚ್ಚು ಹಿಂಸೆ ಕೊಟ್ಟಿತು. ಕೃಷ್ಣರಾಜನಗರದಲ್ಲಿ ಇಳಿದವನೇ ಸೈಕಲ್ ತೆಗೆದು, ಊಟವಿಲ್ಲ ಕಾಫಿಯಿಲ್ಲ, ಏರಿಯ ಮೇಲೆ ತುಳಿದೆ.

ತೂಬು ಕಣ್ಣಿಗೆ ಬೀಳುವ ಮೊದಲೇ ನೀರಿನ ಸದ್ದು ಕೇಳಿಸಿತು. ನಂಬಲಿಲ್ಲ. ಹತ್ತಿರ ಹೋಗಿ ನೋಡಿದರೆ ಬಾಗಿಲು ಮೇಲಕ್ಕೆ ಎತ್ತಿದಂತೆಯೇ ಇದೆ, ಕವಲಿನ ತುಂಬ ನೀರು ತಣ್ಣಗೆ ಮಿರ್ಲೆ ಕಡೆಗೆ ಹೋಗುತ್ತಿದೆ. ಹೊಂಗೆ ಮರದ ಕೆಳಗೆ ಕೆಂಚಯ್ಯ ಕೊಡೆಯನ್ನು ತೊಡೆಯ ಮೇಲಿಟ್ಟುಕೊಂಡು ಅಡಿಕೆ ಕತ್ತರಿಸುತ್ತಿದ್ದ.

"ತೂಬು ಮುಚ್ಚಲಿಲ್ವಾ ಮೇಸ್ತ್ರಿ?"

"ಇಲ್ಲ ಸ್ವಾಮಿ. ಬಾಗ್ಲು ಸುಗ್ಗಿಗಂಟ ಕಾಯ್ತದೆ, ಬತ್ತ ಕಾಯಕಿಲ್ಲ."

"ನಾನು ಹೇಳಿದ್ದೆನಲ್ಲ."

"ಒಂದ್ಸಲ ಯೋಳಿದ್ರಿ," ಎಂದ ಕೆಂಚಯ್ಯ.

ನನಗೆ ಅರ್ಥವಾಗಲಿಲ್ಲ. ಅವನು ಎದ್ದು ನಿಂತು, ತಪ್ಪು ತಿಳಿಯಬಾರದು ಎಂದು ಪೀಠಿಕೆ ಹಾಕಿ, ಆರು ವರ್ಷದಿಂದ ನನಗೆ ಗೊತ್ತಿಲ್ಲದ ಕಾನೂನೊಂದನ್ನು ಬಿಡಿಸಿ ಹೇಳಿದ. ನಾನು ಬಂದ ಮೊದಲ ವರ್ಷ ಹೇಳಿದ್ದನ್ನೆಲ್ಲ ಮಾಡಲು ಹೋಗಿ, ಒಂದೇ ದಿನ ಹನ್ನೆರಡು ಮೈಲಿ ಅತ್ತಿಂದಿತ್ತ ನಡೆದು, ಆಳುಗಳು ಕಾಲು ನೋವೆಂದು ಮಲಗಿದ್ದರಂತೆ. ಆಗ ಹನ್ನೊಂದು ಜನವೂ ಇದೇ ಹೊಂಗೆ ಮರದ ಕೆಳಗೆ ಕೂತು ಒಂದು ತೀರ್ಮಾನ ಮಾಡಿದ್ದರು. "ಸ್ವಾಮಿ ಒಂದ್ಸಲ ಯೋಳುದ್ರೆ ಅದು ಯೋಚ್ನೆ. ಎಲ್ಡ್ಸಲ ಯೋಳುದ್ರೆ ಆಸೆ. ಮೂರ್ಸಲ ಯೋಳುದ್ರೆ ಆರ್ಡ್ರು. ಅಂಗಂತ ಮಾತಾಡ್ಕಂಡಿದ್ದೊ."

ಈ ಆರು ವರ್ಷದಲ್ಲಿ ಎಷ್ಟು ಆರ್ಡರು ಮೂರನೆಯ ಸಲ ಮುಟ್ಟಿವೆ ಎಂದು ಕೇಳಿದೆ. ಅವನು ಬೆರಳು ಮಡಿಸಿ ಎರಡು ಎಂದ. ಒಂದು, ನೀರಿನ ಅಳತೆಯ ಕಲ್ಲಿಗೆ ಸುಣ್ಣ ಬಳಿಯುವುದು. ಇನ್ನೊಂದು, ನನ್ನ ಮಗಳ ನಾಮಕರಣಕ್ಕೆ ಎಲ್ಲರೂ ಊಟಕ್ಕೆ ಬರಬೇಕೆಂದದ್ದು. ಎರಡನ್ನೂ ಚಾಚೂತಪ್ಪದೆ ನಡೆಸಿದ್ದರು. ಊಟಕ್ಕಂತೂ ಮನೆಮಂದಿಯನ್ನೆಲ್ಲ ಕರೆದುಕೊಂಡು ಬಂದಿದ್ದರು.

"ತೂಬು ಮುಚ್ಚಿ ಅಂತ ಮೂರು ಸಲ ಹೇಳಿದ್ದರೆ ಏನು ಮಾಡ್ತಿದ್ರಿ?"

"ಯೋಳ್ತಿರ್ನಿಲ್ಲ ಬುಡಿ. ಎಲ್ಡ್ನೇ ಸಲಕ್ಕೆ ನೀವು ನಂಗೆ ಮಾತಾಡಕೆ ಬುಡ್ತೀರಿ."

ಕೋಪ ಮಾಡಿಕೊಳ್ಳಬೇಕೆಂದು ಪ್ರಯತ್ನಪಟ್ಟೆ, ಬರಲಿಲ್ಲ. ಮಾತು ಮೀರಿದ್ದಕ್ಕೆ ಮೆಮೊ ಕೊಡಬೇಕಾದ ಮನುಷ್ಯನ ಎದುರು ನನಗೆ ಕಣ್ಣಲ್ಲಿ ನೀರು ಬಂತು. ಅದು ಕಾಣಬಾರದೆಂದು ಕವಲಿಗೆ ಇಳಿದು ಎರಡು ಬೊಗಸೆ ನೀರನ್ನು ಮುಖಕ್ಕೆ ಎರಚಿಕೊಂಡೆ. ಎದೆಯ ಮೇಲಿಂದ ಒಂದು ಬಂಡಿ ಕಲ್ಲು ಇಳಿಸಿದ ಹಾಗಾಯಿತು. ನನ್ನ ಮಾತನ್ನು ಯಾರೂ ಕೇಳುವುದಿಲ್ಲ ಎಂದು ಜೀವನದಲ್ಲಿ ಎಷ್ಟು ಸಲ ಕೊರಗಿದ್ದೇನೋ, ಅಷ್ಟಕ್ಕೂ ಸೇರಿಸಿ ಆವತ್ತು ದೇವರಿಗೆ ಕೈಮುಗಿದೆ. ಆಚೆ ಬದುವಿನ ಮೇಲೆ ಮುದುಕಿ ಚೊಂಬು ಹಿಡಿದು ಬರುತ್ತಿದ್ದಳು. ಆ ಮಜ್ಜಿಗೆಯ ಹಾಗೆ ಇನ್ಯಾವ ಮಜ್ಜಿಗೆಯೂ ನನ್ನ ಗಂಟಲಲ್ಲಿ ಇಳಿದಿಲ್ಲ.

ಚೊಂಬು ಕೆಳಗಿಟ್ಟು ಕೆಂಚಯ್ಯನಿಗೆ ಹೇಳಿದೆ, ಇನ್ನು ಮೇಲೆ ನಿಮ್ಮನ್ನೆಲ್ಲ ಕೇಳದೆ ನಾನು ಯಾವ ತೀರ್ಮಾನವನ್ನೂ ಮಾಡುವುದಿಲ್ಲ, ನಿಮಗೆ ಏನನ್ನಿಸುತ್ತದೋ ಮುಚ್ಚುಮರೆಯಿಲ್ಲದೆ ಹೇಳಬೇಕು ಎಂದು. ಮನಸ್ಸು ತುಂಬಿ ಹೇಳಿದ ಮಾತು. ಅವನು, ಆಗ್ಲಿ ಸ್ವಾಮಿ ಎಂದು ಮತ್ತೆ ಅಡಿಕೆ ಕತ್ತರಿಸಲು ಕೂತ. ನಾನು ಸ್ವಲ್ಪ ದೂರ ಹೋದ ಮೇಲೆ ನನಗೆ ಲೆಕ್ಕ ಹೊಳೆಯಿತು. ಮರುದಿನ ಬೆಳಿಗ್ಗೆ ಅದನ್ನೇ ಮತ್ತೆ ಹೇಳಿದೆ. ಹನ್ನೊಂದು ಜನವೂ ತಲೆಯಾಡಿಸಿ, ಗುದ್ದಲಿ ಎತ್ತಿಕೊಂಡು ಕೆಲಸಕ್ಕೆ ಹೋದರು. ಅದರ ಮರುದಿನ ಮೂರನೆಯ ಸಲ ಹೇಳಿದೆ. ಕೆಂಚಯ್ಯ ಕೊಡೆಯನ್ನು ಪಕ್ಕಕ್ಕಿಟ್ಟು, ಏರಿಯ ಮೇಲೆ ನನ್ನ ಎದುರು ಚಕ್ಕಳಮಕ್ಕಳ ಹಾಕಿ ಕೂತು, "ಅಂಗಾದ್ರೆ ಕೇಳಿ ಸ್ವಾಮಿ," ಎಂದು ನನ್ನ ಮೊದಲನೆಯ ವರ್ಷದಿಂದ ಶುರು ಮಾಡಿದ. ಬಿಸಿಲು ನೆತ್ತಿಗೆ ಬಂದಾಗ ಅವನು ಇನ್ನೂ ಎರಡನೆಯ ವರ್ಷದಲ್ಲಿದ್ದ. ಮೈಸೂರಿನಲ್ಲಿ ತಪ್ಪಿಸಿಕೊಂಡಿದ್ದ ಆ ಮಧ್ಯಾಹ್ನದ ಪಾಠ ಇದೇ ಎಂದು ಗೊತ್ತಾಯಿತು. ಈ ಸಲ ಎದ್ದು ಹೋಗಲು ಹಿಂದಿನ ಬಾಗಿಲೂ ಇರಲಿಲ್ಲ, ಮನೆಯಲ್ಲಿ ಕಾಫಿಪುಡಿಯೂ ಮುಗಿದಿರಲಿಲ್ಲ.