ಅಂಟು ನಿರ್ಮೂಲನಾ ಕಾಮಗಾರಿ

ಕಚೇರಿಯ ಬಿಳಿ ಕಾರಿನ ಎಡಬಾಗಿಲಿಗೆ ಅಂಟಿಸಿದ್ದ ಹೊಳೆಯುವ ಅಲಂಕಾರ ಪಟ್ಟಿಯು ಹದಿನೇಳನೇ ತಾರೀಖು ಬೆಳಿಗ್ಗೆ ಹತ್ತೂವರೆಗೆ ಅರ್ಧ ಕಳಚಿ, ಕೆಳಗಿಳಿಯುತ್ತಿದ್ದ ನಿರ್ದೇಶಕರ ಪ್ಯಾಂಟನ್ನು ಮಂಡಿಯ ಬಳಿ ಹಿಡಿದುಕೊಂಡಿತು. ಈ ಸಂಗತಿಯಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಪ್ಯಾಂಟು ಹರಿಯಿತು ಎಂಬುದರಲ್ಲೂ ಇಲ್ಲ.

“ಏನ್ರೀ ಇದು? ಮೊದಲು ಕಿತ್ತು ಹಾಕ್ರೀ. ಆ ಕಡೆದೂ ಕಿತ್ತುಬಿಡಿ, ಇಲ್ಲದಿದ್ರೆ ಅರ್ಧ ಮೀಸೆ ಬೋಳಿಸಿದ ಹಾಗೆ ಕಾಣುತ್ತೆ,” ಎಂದು ಚಾಲಕನಿಗೆ ಹೇಳಿದ ನಿರ್ದೇಶಕರು, ಹರಿದ ಜಾಗಕ್ಕೆ ಕಡತ ಅಡ್ಡ ಹಿಡಿದು ಒಳಗೆ ಹೋದರು.

ಚಾಲಕ ಮೂವತ್ತೊಂದು ವರ್ಷ ಸರ್ವಿಸಿನ ಮನುಷ್ಯ. ಆ ತಿಂಗಳ ಕೊನೆಗೆ ನಿವೃತ್ತಿ. ಮಾರನೆಯ ದಿನವೇ ಹೆಂಡತಿಗೆ ಸಮುದ್ರ ತೋರಿಸಬೇಕೆಂದು ಬಸ್ಸಿನಲ್ಲಿ ಎರಡು ಸೀಟು ಹಿಡಿದಿಟ್ಟಿದ್ದ. ಸಾಹೇಬರುಗಳನ್ನು ಹನ್ನೊಂದು ಸಲ ಸಮುದ್ರಕ್ಕೆ ಕರೆದೊಯ್ದಿದ್ದರೂ ಅವನು ಕಂಡದ್ದು ಅಲ್ಲಿಯ ಪಾರ್ಕಿಂಗ್ ಜಾಗವನ್ನಷ್ಟೇ. ಹೆಂಡತಿ ಅದನ್ನೂ ಕಂಡವಳಲ್ಲ. ಪಾಪ, ಇಬ್ಬರೂ ಚಿಕ್ಕ ಮಕ್ಕಳ ಹಾಗೆ ದಿನ ಎಣಿಸುತ್ತಿದ್ದರು.

ಹೆಂಡತಿ ಹೆಂಗಸರ ಕೂದಲು ಕತ್ತರಿಸುವ ಪುಟ್ಟ ಅಂಗಡಿ ಇಟ್ಟಿದ್ದಳು. ಚಾಲಕ ಅಲ್ಲಿಂದ ಕೂದಲು ಒಣಗಿಸುವ ಯಂತ್ರ ತಂದು ಪಟ್ಟಿಗೆ ಬಿಸಿಗಾಳಿ ಹಿಡಿದ. ಅಂಟು ಮೆತ್ತಗಾದ ಮೇಲೆ ಹಿಂದಿನಿಂದ ನೈಲಾನ್ ದಾರ ತೂರಿಸಿ ಗರಗಸದ ಹಾಗೆ ಅತ್ತಿತ್ತ ಎಳೆದ. ಎರಡು ಪಟ್ಟಿಗಳೂ ಮುರಿಯದೆ ಕೈಗೆ ಬಂದವು. ಬಾಗಿಲ ಮೇಲೆ ಉಳಿದ ಕರೀ ಜಿಗುಟನ್ನು ಹೆಬ್ಬೆರಳಿನಿಂದ ಉಜ್ಜಿ ಉಜ್ಜಿ ಉಂಡೆ ಮಾಡಿ ತೆಗೆದ. ಕಲೆಗೆ ಅಡುಗೆ ಎಣ್ಣೆ, ಎಣ್ಣೆಗೆ ಸೋಪಿನ ನೀರು. ಬ್ಲೇಡು ಮಾತ್ರ ಮುಟ್ಟಿಸಲಿಲ್ಲ. ಬಣ್ಣಕ್ಕೆ ಒಂದು ಗೀರು ಬಿದ್ದರೂ ಅವನ ಕರುಳು ಚುರ್ ಎನ್ನುತ್ತದೆ. ಊಟದ ಹೊತ್ತಿಗೆ ಬಾಗಿಲುಗಳು ಫಳಫಳ ಹೊಳೆಯುತ್ತಿದ್ದವು. ಅವನು ಮಾಡಿದ ತಪ್ಪು ಇದೇ.

ಉಗ್ರಾಣದ ಅಧಿಕಾರಿಯನ್ನು ಕಚೇರಿಯಲ್ಲಿ ಎಲ್ಲರೂ ಷರಾ ಸಾಹೇಬರು ಎಂದೇ ಕರೆಯುತ್ತಿದ್ದರು. ಷರಾ ಬರೆಯದೆ ಅವರು ನೀರನ್ನೂ ಕುಡಿಯುವವರಲ್ಲ. ಅವರು ಬಂದು ಬಾಗಿಲು ಸವರಿ ನೋಡಿ ತಲೆಯ ಮೇಲೆ ಕೈ ಹೊತ್ತರು.

“ಅಯ್ಯೋ ಮಾರಾಯ, ಅಂಟೆಲ್ಲಿ?”

“ತೆಗೆದೆ ಸಾರ್.”

“ನೀನು ತೆಗೆದ್ರೆ ನನ್ನ ಭಾವಮೈದ ಏನು ತೆಗೀಬೇಕು?”

ವಿಷಯ ಗಂಭೀರವಾದದ್ದೇ. ಪಟ್ಟಿ ಕಳಚಿದ ಒಂದು ಗಂಟೆಯೊಳಗೆ, ಕಚೇರಿ ಹಿಂದೆಂದೂ ತೋರದ ಚುರುಕಿನಿಂದ, ಷರಾ ಸಾಹೇಬರ ಭಾವಮೈದನ ಸಂಸ್ಥೆಗೆ ಅಂಟು ನಿರ್ಮೂಲನಾ ಕಾಮಗಾರಿಯನ್ನು ವಹಿಸಲಾಗಿತ್ತು. ಮೊದಲ ಹಂತ ಪಟ್ಟಿ ಕೀಳುವುದು, ಎರಡನೆಯದು ಜಿಗುಟು ತೆಗೆಯುವುದು, ಮೂರನೆಯದು ತೆಗೆದಿದ್ದಾರೆಯೇ ಎಂದು ತಾವೇ ಪರಿಶೀಲಿಸುವುದು. ಅವಧಿ ಆರು ತಿಂಗಳು, ಅಗತ್ಯಬಿದ್ದಲ್ಲಿ ಆಜೀವ ವಿಸ್ತರಣೆ. ನಿರ್ದೇಶಕರಿಗೆ ಹೊಸ ಪ್ಯಾಂಟು ಬಂದದ್ದೂ ಆ ಸಂಸ್ಥೆಯಿಂದಲೇ.

“ನೀವೇ ಹೇಳಿದ್ರಲ್ಲ ಸಾರ್,” ಎಂದು ಚಾಲಕ ನಿರ್ದೇಶಕರ ಮುಂದೆ ಕೈಮುಗಿದ.

“ಕೀಳಿ ಅಂದೆ. ಕಚೇರಿಯಲ್ಲಿ ಹೇಳಿದ ಕೂಡಲೇ ಮಾಡೋರು ಯಾರಿದ್ದಾರ್ರೀ? ನೀವು ಮಾಡಿಬಿಡ್ತೀರಿ ಅಂತ ನನಗೆ ಹೇಗೆ ಗೊತ್ತಾಗಬೇಕು?”

ಚಾಲಕ ಷರಾ ಸಾಹೇಬರ ಹತ್ತಿರ ಓಡಿದ. “ವಾಪಸ್ ಅಂಟಿಸಿಬಿಡ್ತೀನಿ ಸಾರ್. ಒಂದು ಟ್ಯೂಬ್ ಅಂಟು ಕೊಡಿ.”

“ಈ ವರ್ಷದ ಮಂಜೂರಾತಿ ತೆಗೆಯೋದಕ್ಕೆ. ಹಚ್ಚೋದಕ್ಕೆ ಎಲ್ಲಿದೆ?”

“ನಾನೇ ತರ್ತೀನಿ.”

“ಸರ್ಕಾರಿ ಬಾಗಿಲಿಗೆ ಖಾಸಗಿ ಅಂಟಾ!” ಷರಾ ಸಾಹೇಬರ ದನಿಯೇ ನಡುಗಿತು.

ಹಳೆಯ ಅಂಟನ್ನೇ ಮತ್ತೆ ಹಚ್ಚಿಸೋಣವೆಂದು ಕಸದ ಬುಟ್ಟಿಯಿಂದ ಅದರ ಉಂಡೆಯನ್ನು ಹುಡುಕಿಸಿ ತೂಗಲಾಯಿತು. ಧೂಳು, ಕೂದಲು, ಪೆನ್ಸಿಲ್ ಸಿಪ್ಪೆ ಸೇರಿಕೊಂಡು ಅದು ಕಾಮಗಾರಿಯ ಅಂದಾಜಿಗಿಂತ ಹೆಚ್ಚು ತೂಗಿತು. ‘ಹೆಚ್ಚುವರಿ ಅಂಟಿನ ಮೂಲವನ್ನು ಚಾಲಕರು ಲಿಖಿತವಾಗಿ ವಿವರಿಸತಕ್ಕದ್ದು’ ಎಂದು ಷರಾ ಬಿತ್ತು. ಉಂಡೆ ಮುಟ್ಟಿದ್ದಕ್ಕೆಲ್ಲ ಅಂಟಿತು, ಬಾಗಿಲಿಗೊಂದು ಬಿಟ್ಟು.

ಮೂವತ್ತನೇ ತಾರೀಖು ಬೀಳ್ಕೊಡುಗೆಯ ಭಾಷಣಗಳು ಮುಗಿದ ಮೇಲೆ ಚಾಲಕನ ಕೈಗೆ ಆದೇಶ ಬಂತು:

‘ಸದರಿಯವರು ಚಾಲನೆಯಿಂದ ನಿವೃತ್ತರಾಗಿರುತ್ತಾರೆ, ಪಟ್ಟಿಯಿಂದ ನಿವೃತ್ತರಾಗಿರುವುದಿಲ್ಲ. ಕಾಮಗಾರಿ ಆರಂಭವಾಗುವವರೆಗೆ ಪಟ್ಟಿಯನ್ನು ಯಥಾಸ್ಥಾನದಲ್ಲಿ ಸ್ವಹಸ್ತದಿಂದ ಒತ್ತಿ ಹಿಡಿಯತಕ್ಕದ್ದು. ವಾಹನ ಚಲಿಸುವಾಗಲೂ ಹಿಡಿಯತಕ್ಕದ್ದು. ತಪ್ಪಿದಲ್ಲಿ ಪಿಂಚಣಿ ಕಡತವು ಮೇಜಿನಿಂದ ಮೇಲೇಳುವುದಿಲ್ಲ.’

“ಎರಡು ಬಾಗಿಲು ಸಾರ್. ನಾನೊಬ್ಬ.”

“ಮನೇಲಿ ಹೆಂಡತಿ ಇದ್ದಾರಲ್ಲ?” ಎಂದರು ಷರಾ ಸಾಹೇಬರು ಬಹಳ ಮೃದುವಾಗಿ.

ಅನುಕಂಪದ ಆಧಾರದ ನೇಮಕಕ್ಕೆ ಗಂಡ ಸತ್ತಿರಬೇಕೆಂಬ ನಿಯಮವಿದೆ. ನಿವೃತ್ತಿಯನ್ನು ಅರ್ಧ ಮರಣವೆಂದು ಪರಿಗಣಿಸಿ, ಅರ್ಧ ಅನುಕಂಪದ ಮೇಲೆ ಅವಳನ್ನು ಎಡಬಾಗಿಲಿಗೆ ನೇಮಿಸಲಾಯಿತು.

ಬಸ್ಸಿನ ಸೀಟು ರದ್ದು ಮಾಡಿಸಿ ಬಂದ ಸಂಜೆ ಹೆಂಡತಿ ಕೇಳಿದ್ದು ಒಂದೇ ಮಾತು: “ಅಷ್ಟು ಚೆನ್ನಾಗಿ ಯಾಕ್ರೀ ತೆಗೆಯೋಕೆ ಹೋದ್ರಿ?” ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಅವನಿಗೆ ತನ್ನ ಕೆಲಸದ ಬಗ್ಗೆ ನಾಚಿಕೆಯಾಯಿತು.

ಮುಂದಿನ ವಾರ ನಿರ್ದೇಶಕರು ಕಡಲತೀರದ ಹೋಟೆಲಿನಲ್ಲಿ ನಡೆಯುವ ‘ಕಚೇರಿಗಳಲ್ಲಿ ಶೀಘ್ರ ವಿಲೇವಾರಿ’ ಸಮ್ಮೇಳನಕ್ಕೆ ಹೊರಟರು. ಹೊಸ ಚಾಲಕ ಕಾರು ಓಡಿಸಿದ, ನಿರ್ದೇಶಕರು ಮುಂದೆ ಕೂತು ನಿದ್ದೆಹೋದರು, ಗಂಡಹೆಂಡಿರು ಹಿಂದೆ ಕೂತು ಕಿಟಕಿಯಿಂದ ಕೈ ಹೊರಗೆ ಹಾಕಿ ಆರು ಗಂಟೆ ಕಾಲ ಪಟ್ಟಿ ಒತ್ತಿ ಹಿಡಿದರು. ದಾರಿಯಲ್ಲಿ ಪೊಲೀಸಿನವನೊಬ್ಬ ತಡೆದ. ಆದೇಶ ಓದಿ, ಮೊಹರು ನೋಡಿ, ಸಲ್ಯೂಟ್ ಹೊಡೆದು ಬಿಟ್ಟ.

ಕಾರು ಪಾರ್ಕಿಂಗ್ ಜಾಗದಲ್ಲಿ ನಿಂತಿತು. ನಿರ್ದೇಶಕರು ಶೂ ಕಳಚಿ, ಪ್ಯಾಂಟು ಮಡಿಚಿಕೊಂಡು ಮರಳಿನ ಕಡೆ ನಡೆದರು. ಹೊಸ ಚಾಲಕ ಊಟಕ್ಕೆ ಹೋದ.

“ಸಮುದ್ರ ಎಲ್ರೀ?”

“ಆ ಗೋಡೆ ಆಚೆ. ನೀನು ಹೋಗಿ ನೋಡ್ಕೊಂಡು ಬಾ, ಎರಡೂ ನಾನೇ ಹಿಡ್ಕೋತೀನಿ.”

ಅವನು ಮಧ್ಯೆ ಸರಿದು ಎರಡೂ ಕೈ ಚಾಚಿದ. ಗೇಣುದ್ದ ಸಾಲದೆ ಬಂತು. ಮತ್ತೆ ಚಾಚಿದ. ಅವನ ಕಣ್ಣಲ್ಲಿ ನೀರು ಬಂದದ್ದು ಭುಜದ ನೋವಿಗಂತೂ ಅಲ್ಲ.

“ಬಿಡಿ, ಸುಮ್ನೆ ಕೂತ್ಕೊಳ್ಳಿ. ಸದ್ದು ಕೇಳ್ತಿದೆಯಲ್ಲ,” ಎಂದಳು ಅವಳು.

ಪಕ್ಕದ ಕಾರಿನಲ್ಲಿ ಬೇರೊಂದು ಇಲಾಖೆಯ ನಿವೃತ್ತ ಗುಮಾಸ್ತರೊಬ್ಬರು ಕಾರಿನ ಪಕ್ಕದ ಕನ್ನಡಿಯನ್ನು ಹಿಡಿದುಕೊಂಡು ಕೂತಿದ್ದರು. ಇವರನ್ನು ಕಂಡು ಮುಖ ಅರಳಿತು.

“ಹೊಸಬರಾ? ಕಾಯಂ ಆಯ್ತಾ?”

“ಇನ್ನೂ ಇಲ್ಲ. ಅರ್ಜಿ ಹಾಕಿದೀವಿ,” ಎಂದ ಚಾಲಕ.

“ಆಗುತ್ತೆ, ಆಗುತ್ತೆ. ನನಗೆ ನಾಲ್ಕು ವರ್ಷ ಹಿಡೀತು. ಸಮುದ್ರಕ್ಕೆ ಬರ್ತಿರೋದು ಇದು ಒಂಬತ್ತನೇ ಸಲ.”

“ಹೇಗಿದೆ?” ಎಂದು ಹೆಂಡತಿ ಕುತ್ತಿಗೆ ಮುಂದೆ ಚಾಚಿ ಕೇಳಿದಳು.

ಗುಮಾಸ್ತರು ಯೋಚಿಸಿ, ಅನುಭವಸ್ಥರ ದನಿಯಲ್ಲಿ ಹೇಳಿದರು: “ಮಧ್ಯಾಹ್ನ ಮೂರರ ಮೇಲೆ ಗೋಡೆ ನೆರಳು ಈ ಕಡೆ ಬರುತ್ತೆ ನೋಡಿ, ತುಂಬ ಅನುಕೂಲ.”

“ಒಳ್ಳೇದಾಯ್ತು,” ಎಂದಳು ಅವಳು, ಪಟ್ಟಿಯನ್ನು ಇನ್ನಷ್ಟು ಒತ್ತಿ ಹಿಡಿದು.