ಹಣೆಯ ಮೇಲೆ ನಿಂತ ಕೈ

ದೇವರ ವಿಷಯದಲ್ಲಿ ನಗಬಾರದು ಎಂದು ನಮ್ಮಮ್ಮ ಹೇಳುತ್ತಿದ್ದಳು. ಉಡುಪಿ ಕಡೆಯ ನಮ್ಮ ಇಗರ್ಜಿಯಲ್ಲಿ ಅದೇನೂ ಕಷ್ಟವಿರಲಿಲ್ಲ. ಮಗಳ ಜೊತೆ ಐರ್ಲೆಂಡಿನ ಬ್ಲಾಂಚರ್ಡ್ಸ್‌ಟೌನಿಗೆ ಬಂದ ಮೇಲೆ, ಪಕ್ಕದ ಮನೆಯವಳ ದೆಸೆಯಿಂದ, ಆಗಾಗ ಆ ಮಾತು ಮುರಿಯುತ್ತಲೇ ಇದ್ದೇನೆ. ಅವಳು ಐರಿಷ್, ನನ್ನ ಹಾಗೆ ವಿಧವೆ, ಹೆಚ್ಚುಕಡಿಮೆ ನನ್ನದೇ ವಯಸ್ಸು. ಈ ಚಳಿಗಾಲ ಅವಳಿಗೆ ಹೃದಯದ ಆಪರೇಷನ್ ಎಂದು ತೀರ್ಮಾನವಾದಾಗ, "ನನ್ನನ್ನು ಒಳಗೆ ಕರೆದೊಯ್ಯುವ ಮೊದಲು ನೀನು ಬಂದು ಪ್ರಾರ್ಥಿಸಬೇಕು" ಎಂದಳು. ಹೂಂ ಎಂದೆ. ಎಂದ ಮೇಲೆ ಚಿಂತೆ ಹತ್ತಿತು. ಏಕೆಂದರೆ ನಮ್ಮಿಬ್ಬರ ಪ್ರಾರ್ಥನೆ ಒಂದೇ ಅಲ್ಲ.

ಆರಿದ ಟೀ

ಅವಳ ಮನೆಗೆ ಮೊದಲ ಸಲ ಹೋದಾಗ ಟೀ ಕುಡಿಯುವ ಮುನ್ನ ಶಿಲುಬೆಯ ಗುರುತು ಹಾಕಿಕೊಂಡೆ. "ಪಿತ, ಸುತ, ಪವಿತ್ರಾತ್ಮ."

"ನಾನು ಅದನ್ನು ಬಿಟ್ಟು ಬಹಳ ಕಾಲವಾಯ್ತು" ಎಂದಳು. "ನಮ್ಮ ಸಭೆಯವರಿಗೆ ತಂದೆ ಒಬ್ಬನೇ ದೇವರು. ಯೇಸು ಅವನ ಮಗ, ದೇವರಲ್ಲ. ಆತ್ಮ ಎಂದರೆ ದೇವರ ಶಕ್ತಿ."

"ಅಯ್ಯೋ, ಮೂವರೂ ಒಬ್ಬನೇ ದೇವರಲ್ಲವಾ?"

"ಹಾಗಾದರೆ ಯೇಸು ಪ್ರಾರ್ಥಿಸಿದ್ದು ಯಾರಿಗೆ? ತನಗೆ ತಾನೇನಾ?"

ಚಿಕ್ಕಂದಿನಿಂದ ಧರ್ಮೋಪದೇಶ ಕಲಿತವಳು ನಾನು. ತುಂಬಾ ಯೋಚಿಸಿ ಉತ್ತರ ಕೊಟ್ಟೆ: "ಟೀ ಆರುತ್ತಿದೆ."

ಮೂರೆಲೆ

ಸೋಲೊಪ್ಪದೆ ನಮ್ಮ ಪಾದ್ರಿಗಳನ್ನು ಕೇಳಿದೆ. ಅವರು ಅಂಗಳದಿಂದ ಮೂರೆಲೆಯ ಹುಲ್ಲೊಂದನ್ನು ಕಿತ್ತು, "ಎಲೆ ಮೂರು, ದಂಟು ಒಂದು. ಇಷ್ಟೇ ಸಾಕು" ಎಂದರು. ಅದನ್ನು ಕರವಸ್ತ್ರದಲ್ಲಿ ಸುತ್ತಿ ತಂದು, ಗೆದ್ದವಳ ಹಾಗೆ ಅವಳ ಮುಂದಿಟ್ಟೆ.

ಅವಳು ಕನ್ನಡಕ ಹಾಕಿ ನೋಡಿದಳು. "ಚೆನ್ನಾಗಿದೆ. ಇದರಲ್ಲಿ ಯಾವ ಎಲೆ ಯಾವ ಎಲೆಗೆ ಪ್ರಾರ್ಥಿಸುತ್ತೆ?"

ಉಬ್ಬಿದ ಹಿಟ್ಟು

ನಮ್ಮ ಹಬ್ಬದ ಸಾನ್ನಾ ತಿಂದು ಅವಳಿಗೆ ಕಲಿಯುವ ಆಸೆಯಾಯಿತು. ಇಡ್ಲಿಯಂಥದ್ದೇ, ಹಿಟ್ಟು ಹುಳಿ ಬಂದು ಉಬ್ಬಬೇಕು. ಹಿಟ್ಟು ಕಲಸಿದ ಮೇಲೆ ಅದರ ಮೇಲೆ ಶಿಲುಬೆ ಎಳೆಯುವುದು ನಮ್ಮಮ್ಮನ ಕಾಲದ ಪದ್ಧತಿ. ಕೈ ತಾನಾಗಿ ಹೋಯಿತು.

"ನನ್ನ ಪಾತ್ರೆಗೆ ಬೇಡ" ಎಂದು ಅವಳು ಮುಚ್ಚಳ ಮುಚ್ಚಿ ಮನೆಗೆ ಒಯ್ದಳು.

ಮರುದಿನ ನೋಡಿದರೆ ನನ್ನ ಹಿಟ್ಟು ಕದಲಿರಲಿಲ್ಲ. ಅವಳದ್ದು ಮುಚ್ಚಳ ಎತ್ತಿ ಹೊರಗೆ ಇಣುಕುತ್ತಿತ್ತು. ನನ್ನ ಮುಖ ನೋಡಿ ಅವಳಿಗೇ ಪಾಪ ಅನ್ನಿಸಿರಬೇಕು. "ಬಟ್ಟೆ ಒಣಗಿಸುವ ಬಿಸಿ ಕಪಾಟಿನಲ್ಲಿ ಇಟ್ಟಿದ್ದೆ, ಮಾರಾಯ್ತಿ. ಇದರಲ್ಲಿ ದೇವರನ್ನು ಎಳೆಯಬೇಡ."

ಒಂದು, ಎರಡು, ಮೂರು

ಆಪರೇಷನ್ನಿನ ದಿನ ಬಂತು. ಬ್ಯೂಮಾಂಟ್ ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಮಗಳು ನನ್ನನ್ನು ಗೆಳತಿಯ ಹಾಸಿಗೆಯ ಬಳಿ ಬಿಟ್ಟಳು. ಅವಳ ಸಭೆಯವರು ಪ್ರಾರ್ಥಿಸಿ ಹೋಗಿದ್ದರು. ಆ ಹಸಿರು ಗೌನಿನಲ್ಲಿ ಅವಳು ಇಷ್ಟೇ ಇಷ್ಟಾಗಿ ಕಾಣುತ್ತಿದ್ದಳು. ಡಾಕ್ಟರು ಭರವಸೆಯನ್ನು ಅಳೆದು ತೂಗಿ ಕೊಟ್ಟಿದ್ದರು.

ಕಣ್ಣು ಮುಚ್ಚಿ ಕೈಯನ್ನು ಹಣೆಗೆ ಮುಟ್ಟಿಸಿದೆ. "ತಂದೆಯ ಹೆಸರಿನಲ್ಲಿ..." ಕೈ ಅಲ್ಲೇ ನಿಂತಿತು. ಎದೆಗಿಳಿದರೆ ಮಗನ ಹೆಸರು, ಭುಜಕ್ಕೆ ಹೋದರೆ ಆತ್ಮದ್ದು. ಇಂಥ ಹೊತ್ತಿನಲ್ಲಿ ಅವಳ ಮನಸ್ಸು ನೋಯಿಸಲಾರೆ. ಪೂರ್ತಿ ಮಾಡದಿದ್ದರೆ ನನಗದು ಪ್ರಾರ್ಥನೆಯೇ ಅಲ್ಲ.

ಅವಳು ಒಂದು ಕಣ್ಣು ತೆರೆದಳು. "ತಲೆನೋವಾ?"

"ಮುಂದೆ ಹೋಗಲಾ, ಬೇಡವಾ ಅಂತ."

"ನಿನಗಾಗಿ ನಾನು ನನ್ನ ನಂಬಿಕೆ ಬಿಡಲ್ಲ. ನನಗಾಗಿ ನೀನೂ ಬಿಡಬೇಡ. ನಾನು ಕೇಳಿದ್ದು ನಿನ್ನ ಪ್ರಾರ್ಥನೆ, ಅದರ ಅರ್ಧ ಅಲ್ಲ."

ತಣ್ಣಗಿನ ಬೆರಳುಗಳಿಂದ ನನ್ನ ಮಣಿಕಟ್ಟು ಹಿಡಿದು ಎದೆಯವರೆಗೆ ಇಳಿಸಿ, ಬಿಟ್ಟಳು. "ಉಳಿದದ್ದು ನೀನೇ ಮಾಡಿಕೋ. ನನ್ನಿಂದ ಇಷ್ಟೇ ಆಗೋದು."

ಮುಗಿಸಿದೆ. ಅವಳು ಆಮೆನ್ ಅನ್ನಲಿಲ್ಲ. ಸರಿಯಾಯಿತು ಅನ್ನಲು ಇಲ್ಲಿಯವರು ಹೇಳುವ ಹಾಗೆ "ಗ್ರ್ಯಾಂಡ್" ಎಂದಳು. ಗಾಲಿಮಂಚ ತಳ್ಳಿಕೊಂಡು ಹೋದರು. ನಾನು ಹೊರಗೆ ಜಪಸರ ಹಿಡಿದು ಕೂತೆ.

ಮರುದಿನ ನೋಡಲು ಬಿಟ್ಟಾಗ ಅವಳ ಮೈತುಂಬ ಟ್ಯೂಬುಗಳು. ತುಟಿ ಒಣಗಿತ್ತು. ಹತ್ತಿರ ಬಾ ಎಂದು ಕಣ್ಣಲ್ಲೇ ಕರೆದಳು. ನನಗೆ ಅಳು ಬಂತು.

"ಮತ್ತಿನ ಮದ್ದು ಕೊಡುವಾಗ ಎಣಿಸು ಅಂದರು" ಎಂದು ಪಿಸುಗುಟ್ಟಿದಳು. "'ಒಂದು' ಅಂದೆ. ಅಲ್ಲಿಗೇ ಎಚ್ಚರ ತಪ್ಪಿತು. ಎರಡಕ್ಕೆ ಹೋಗಲೇ ಇಲ್ಲ. ಸಾಯೋ ಹೊತ್ತಲ್ಲೂ ನಂಬಿಕೆ ಬಿಡಲಿಲ್ಲ, ನೋಡಿದೆಯಾ?"

ಕಣ್ಣೊರೆಸಿಕೊಂಡು ಅವಳ ಹೊದಿಕೆ ಸರಿಮಾಡಿದೆ.

"ಎರಡು, ಮೂರು ನಾನು ಹೊರಗೆ ಕೂತು ಎಣಿಸಿದ್ದೇನೆ. ನೀನು ಮಲಗು."